ತೊಳೆಯುವ ಮುನ್ನ ಪಾದವನ್ನು ನೋಡೋಣ



ಪವಿತ್ರ ಗುರುವಾರದ ಸಂಜೆ ನಮ್ಮ ದೇವಾಲಯಗಳಲ್ಲಿ ಗುರುಗಳು ಸಾಮಾನ್ಯವಾಗಿ ಹನ್ನೆರಡು ಮಂದಿಯ ಪಾದಗಳನ್ನು ತೊಳೆಯುತ್ತಾರೆ. ಸಂತ ಯೊವಾನ್ನರ ಶುಭಸಂದೇಶದ 13ನೇ ಅಧ್ಯಾಯವನ್ನು ಆಲಿಸಿ, ಪ್ರಬೋಧನೆ ಮುಗಿದ ಮೇಲೆ ನಡೆಯುವ ಈ ವಿಧಿಯನ್ನು ಮಕ್ಕಳು ಬೆಂಚಿನ ಮೇಲೆ ಹತ್ತಿ ನಿಂತಾದರೂ ನೋಡುತ್ತಾರೆ. 1955ರಲ್ಲಿ ಜಗದ್ಗುರು 12ನೇ ಪಿಯುಸರು ಈ ವಿಧಿಯನ್ನು ಬಲಿಪೂಜೆಯ ಒಳಗೇ ನಡೆಸಲು ಅವಕಾಶ ಮಾಡಿಕೊಟ್ಟರು. 2016ರಲ್ಲಿ ಜಗದ್ಗುರು ಫ್ರಾನ್ಸಿಸರು ಮಹಿಳೆಯರ ಪಾದಗಳನ್ನೂ ತೊಳೆಯಬಹುದೆಂದು ವಿಧಿಯನ್ನು ತಿದ್ದಿಸಿದರು.

ಆದರೆ ಆ ಹನ್ನೆರಡು ಮಂದಿಯನ್ನು ಹುಡುಕುವುದು ಎಷ್ಟು ಕಷ್ಟವೆಂದು ಉಪದೇಶಿಗಳನ್ನು ಕೇಳಬೇಕು. ಹಿರಿಯರು ಒಪ್ಪುವುದಿಲ್ಲ. "ನನ್ನ ಕಾಲು ಚೆನ್ನಾಗಿಲ್ಲ ಫಾದರ್, ಹಿಮ್ಮಡಿ ಒಡೆದಿದೆ," "ಬೆರಳಿಗೆ ಬಟ್ಟೆ ಕಟ್ಟಿದ್ದೇನೆ, ಬೇರೆಯವರನ್ನು ನೋಡಿ" ಎನ್ನುತ್ತಾರೆ. ಒಪ್ಪಿಕೊಂಡವರೂ ಮನೆಯಲ್ಲೇ ಸೋಪು ಹಾಕಿ ಉಜ್ಜಿ ತೊಳೆದು, ಉಗುರು ಕತ್ತರಿಸಿ, ಪೌಡರ್ ಹಾಕಿಕೊಂಡು ಬರುತ್ತಾರೆ. ಗುರುಗಳು ತೊಳೆಯುವುದು ಆಗಲೇ ತೊಳೆದ ಪಾದವನ್ನು! ನಗಬೇಡಿ, ನಾವೆಲ್ಲರೂ ಹಾಗೆಯೇ. ಪೇತ್ರರೂ ಮೊದಲು ಬೇಡವೆಂದೇ ಹೇಳಿದರಲ್ಲವೇ?

ಪಾಲೆಸ್ತೀನಿನ ಧೂಳುದಾರಿಯಲ್ಲಿ ತೆರೆದ ಪಾದರಕ್ಷೆ ಹಾಕಿಕೊಂಡು ಊರಿಂದೂರಿಗೆ ನಡೆದ ಶಿಷ್ಯರ ಪಾದಗಳು ಹೇಗಿದ್ದಿರಬಹುದು? ಬಿರುಕು, ಆಣಿ, ಮುಳ್ಳು ಚುಚ್ಚಿದ ಗಾಯ ಇಲ್ಲದ ಪಾದ ಇದ್ದಿರಲಾರದು. ಯೇಸುಸ್ವಾಮಿ ಅವುಗಳನ್ನು ತೊಳೆದರು ಎಂದರೆ ಒಂದೊಂದನ್ನೂ ಕೈಯಲ್ಲಿ ಹಿಡಿದರು, ನೋಡಿದರು, ಒರೆಸಿದರು ಎಂದೇ ಅರ್ಥ. ಈ ವಿಧಿಯ ದೈವಶಾಸ್ತ್ರವನ್ನು ಪ್ರಬೋಧನೆಗಳಲ್ಲಿ ಓದುತ್ತೀರಿ. ಈ ಲೇಖನದಲ್ಲಿ ನಾವು ಪಾದದ ಬಗ್ಗೆಯೇ ಮಾತನಾಡಲು ಬಯಸುತ್ತೇವೆ. ಅದು ಏಕೆ ನೋಯುತ್ತದೆ, ಏನು ಮಾಡಬೇಕು, ಮತ್ತು ನೋವೇ ಇಲ್ಲದ ಪಾದಕ್ಕೆ ನಾವು ಏಕೆ ಹೆಚ್ಚು ಹೆದರಬೇಕು ಎಂಬುದನ್ನು ನೋಡೋಣ.

ಬೆಳಗಿನ ಮೊದಲ ಹೆಜ್ಜೆ

ನಮ್ಮ ದೇಹದಲ್ಲಿ 206 ಮೂಳೆಗಳಿವೆ. ಅವುಗಳಲ್ಲಿ 52, ಅಂದರೆ ಕಾಲುಭಾಗ, ಎರಡು ಪಾದಗಳಲ್ಲೇ ಇವೆ. ಈ ಸಣ್ಣ ಸಣ್ಣ ಮೂಳೆಗಳು ಕಲ್ಲಿನ ಕಮಾನಿನಂತೆ ಜೋಡಣೆಯಾಗಿವೆ. ಕಮಾನು ಕುಸಿಯದಂತೆ ಅಂಗಾಲಿನ ಉದ್ದಕ್ಕೂ, ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ, ಒಂದು ಗಟ್ಟಿಯಾದ ಪಟ್ಟಿ ಬಿಗಿದುಕೊಂಡಿದೆ. ಬಿಲ್ಲಿಗೆ ಹೆದೆ ಇದ್ದಂತೆ ಪಾದಕ್ಕೆ ಈ ಪಟ್ಟಿ.

ದಿನವಿಡೀ ನಿಂತು ದುಡಿಯುವವರಲ್ಲಿ, ದೇಹದ ತೂಕ ಹೆಚ್ಚಿದವರಲ್ಲಿ, ಗಟ್ಟಿ ನೆಲದ ಮೇಲೆ ಬರಿಗಾಲಲ್ಲಿ ಓಡಾಡುವವರಲ್ಲಿ ಈ ಪಟ್ಟಿಯು ಹಿಮ್ಮಡಿಗೆ ಅಂಟಿಕೊಂಡಿರುವ ಜಾಗದಲ್ಲಿ ಎಳೆದು ಎಳೆದು ನವೆಯುತ್ತದೆ. ವೈದ್ಯರು ಇದನ್ನು ಪ್ಲಾಂಟಾರ್ ಫೇಸಿಯೈಟಿಸ್ ಎನ್ನುತ್ತಾರೆ. ನಾವು ಹಿಮ್ಮಡಿ ನೋವು ಎನ್ನುತ್ತೇವೆ. ದೊಡ್ಡವರಲ್ಲಿ ಹಿಮ್ಮಡಿ ನೋಯುವುದಕ್ಕೆ ಅತಿ ಸಾಮಾನ್ಯ ಕಾರಣ ಇದೇ.

ಇದನ್ನು ಗುರುತಿಸುವುದು ಸುಲಭ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಗೆ ಮೊಳೆ ಹೊಡೆದಂತಾಗುತ್ತದೆ. ಗೋಡೆ ಹಿಡಿದುಕೊಂಡು ನಾಲ್ಕು ಹೆಜ್ಜೆ ನಡೆದರೆ ಕಡಿಮೆಯಾಗುತ್ತದೆ. ಮಧ್ಯಾಹ್ನ ಊಟ ಮಾಡಿ ಅರ್ಧ ಗಂಟೆ ಕುಳಿತು ಎದ್ದರೆ ಮತ್ತೆ ಅದೇ ನೋವು. ನಿದ್ದೆಯಲ್ಲಿ ಪಾದ ಕೆಳಮುಖವಾಗಿ ಸಡಿಲಗೊಂಡಿರುವಾಗ ಆ ಪಟ್ಟಿಯೂ ಕುಗ್ಗಿಕೊಂಡಿರುತ್ತದೆ. ಎದ್ದ ಕೂಡಲೇ ದೇಹದ ಭಾರವೆಲ್ಲ ಅದರ ಮೇಲೆ ಬಿದ್ದು ಅದು ಒಮ್ಮೆಲೇ ಎಳೆಯಲ್ಪಡುತ್ತದೆ.

ನಮ್ಮ ಮನೆಗಳ ನೆಲ ಮೊದಲಿನಂತಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಸಗಣಿ ಸಾರಿಸಿದ ಮಣ್ಣಿನ ನೆಲ ಹೋಗಿ ಗ್ರಾನೈಟ್, ಟೈಲ್ಸ್ ಬಂದಿವೆ. ಅಡುಗೆಮನೆಯ ಕಟ್ಟೆಯ ಮುಂದೆ ಬರಿಗಾಲಲ್ಲಿ ಗಂಟೆಗಟ್ಟಲೆ ನಿಲ್ಲುವ ತಾಯಂದಿರು, ತರಗತಿಯಲ್ಲಿ ನಿಂತೇ ಪಾಠ ಮಾಡುವ ಶಿಕ್ಷಕರು, ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿ ಕಳೆಯುವ ನರ್ಸುಗಳು ಮತ್ತು ಸಿಸ್ಟರುಗಳು, ಬಸ್ಸಿನ ಕಂಡಕ್ಟರುಗಳು ಈ ನೋವನ್ನು ಬಲ್ಲವರು. ಕಾಫಿ ತೋಟದ ಇಳಿಜಾರಿನಲ್ಲಿ ತೆಳುವಾದ ಚಪ್ಪಲಿ ಹಾಕಿ ದುಡಿಯುವವರಿಗೂ ಇದು ಹೊಸದಲ್ಲ.

ಚಿಕಿತ್ಸೆ ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ. ಬೆಳಿಗ್ಗೆ ಕಾಲು ನೆಲಕ್ಕೆ ಇಡುವ ಮುನ್ನ ಹಾಸಿಗೆಯಲ್ಲೇ ಕುಳಿತು, ಕಾಲನ್ನು ನೀಡಿ, ಬೆರಳುಗಳ ಬುಡಕ್ಕೆ ಒಂದು ಟವೆಲನ್ನು ಸುತ್ತಿ ನಿಮ್ಮ ಕಡೆಗೆ ಮೆಲ್ಲಗೆ ಎಳೆಯಿರಿ. ಮೂವತ್ತರವರೆಗೆ ಎಣಿಸಿ ಬಿಡಿ. ಹೀಗೆ ನಾಲ್ಕೈದು ಬಾರಿ. ಸಂಜೆ ಗೋಡೆಗೆ ಎರಡೂ ಕೈ ಊರಿ, ನೋಯುವ ಕಾಲನ್ನು ಹಿಂದಿಟ್ಟು, ಹಿಮ್ಮಡಿಯನ್ನು ಎತ್ತದೆ ಮುಂದಕ್ಕೆ ಬಾಗಿದರೆ ಮೀನಖಂಡ ಎಳೆದಂತಾಗುತ್ತದೆ. ಅದೂ ಬೇಕು. ಏಕೆಂದರೆ ಬಿಗಿದ ಮೀನಖಂಡವೇ ಅಂಗಾಲಿನ ಪಟ್ಟಿಯ ಮೇಲೆ ಹೆಚ್ಚು ಭಾರ ಹಾಕುತ್ತದೆ. ನೀರು ತುಂಬಿ ಫ್ರಿಜ್ಜಿನಲ್ಲಿ ಮಂಜುಗಟ್ಟಿಸಿದ ಪ್ಲಾಸ್ಟಿಕ್ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಅಂಗಾಲಿನ ಕೆಳಗೆ ಹತ್ತು ನಿಮಿಷ ಹೊರಳಿಸಿದರೆ ನೋವು ಇಳಿಯುತ್ತದೆ. ಕಾಲಿನಲ್ಲಿ ಸ್ಪರ್ಶಜ್ಞಾನ ಕುಂದಿರುವ ಮಧುಮೇಹಿಗಳು ಮಾತ್ರ ಈ ಮಂಜಿನ ಉಪಾಯವನ್ನು ಮಾಡಕೂಡದು. ಮನೆಯೊಳಗೂ ಹಿಮ್ಮಡಿಯ ಭಾಗ ದಪ್ಪವಾಗಿ ಮೆತ್ತಗಿರುವ ಚಪ್ಪಲಿ ಹಾಕಿಕೊಳ್ಳಿ. ತಿರುಚಿದರೆ ಕಾಗದದಂತೆ ಮಡಚಿಕೊಳ್ಳುವ ಸವೆದ ಹವಾಯಿ ಚಪ್ಪಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ತೂಕ ಇಳಿಸುವ ಮಾತನ್ನು ಹೇಳುವುದು ಸುಲಭ, ಮಾಡುವುದು ಕಷ್ಟ. ಆದರೂ ಹೇಳದೆ ವಿಧಿಯಿಲ್ಲ.

ತಾಳ್ಮೆ ಬೇಕು. ವಾರದಲ್ಲಿ ಹೋಗುವ ನೋವಲ್ಲ ಇದು, ತಿಂಗಳುಗಳೇ ಹಿಡಿಯುತ್ತವೆ. ಹೆಚ್ಚಿನವರಿಗೆ ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆ ಇಲ್ಲದೆಯೇ ವಾಸಿಯಾಗುತ್ತದೆ. ಎಕ್ಸ್-ರೇ ತೆಗೆಸಿ "ಹಿಮ್ಮಡಿಯಲ್ಲಿ ಮೂಳೆ ಬೆಳೆದಿದೆ" ಎಂದು ಕೇಳಿ ಗಾಬರಿಯಾಗುವವರನ್ನು ನಾವು ಬಹಳ ಕಂಡಿದ್ದೇವೆ. ಅಂಥ ಮೂಳೆಯ ಮುಳ್ಳು ನೋವೇ ಇಲ್ಲದವರ ಎಕ್ಸ್-ರೇಯಲ್ಲೂ ಕಾಣುತ್ತದೆ. ಅದನ್ನು ಕೊಯ್ದು ತೆಗೆಯಬೇಕೆಂದೇನಿಲ್ಲ. ಹಿಮ್ಮಡಿಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಕೆಲವು ವಾರ ಆರಾಮ ನೀಡಬಹುದು. ಆದರೆ ಪದೇ ಪದೇ ಚುಚ್ಚಿಸಿಕೊಂಡರೆ ಆ ಪಟ್ಟಿಯೇ ಹರಿಯುವ ಅಪಾಯವಿದೆ. ಔಷಧದ ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆಯನ್ನು ದಿನವೂ ನುಂಗುವುದು ಹೊಟ್ಟೆಗೂ ಮೂತ್ರಪಿಂಡಕ್ಕೂ ಕೆಡುಕು. ಬಿ.ಪಿ., ಶುಗರ್ ಇರುವವರಿಗಂತೂ ಇನ್ನೂ ಹೆಚ್ಚು.

ಬೇರೆ ನೋವುಗಳನ್ನು ಚಿಕ್ಕದಾಗಿ ಹೇಳಿಬಿಡುತ್ತೇವೆ. ರಾತ್ರೋರಾತ್ರಿ ಹೆಬ್ಬೆರಳಿನ ಬುಡ ಕೆಂಪಗೆ ಊದಿ, ಹೊದಿಕೆ ತಾಗಿದರೂ ಚೀರುವಷ್ಟು ನೋವಾದರೆ ಅದು ಯೂರಿಕ್ ಆಮ್ಲದಿಂದ ಬರುವ ಗೌಟ್ ಇರಬಹುದು. ಮಾಂಸ, ಅದರಲ್ಲೂ ಈಲಿ ಮೊದಲಾದವು, ಮತ್ತು ಮದ್ಯ, ಅದರಲ್ಲೂ ಬಿಯರ್, ಇದನ್ನು ಕೆರಳಿಸುತ್ತವೆ. ಕ್ರಿಸ್ಮಸ್ ಮತ್ತು ಪಾಸ್ಖ ಹಬ್ಬದ ಮರುದಿನ ಈ ನೋವು ಏಕೆ ಬರುತ್ತದೆಂದು ನಾವು ಬಿಡಿಸಿ ಹೇಳಬೇಕಾಗಿಲ್ಲ! ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಟ್ಟುಹೋಗುವ ನೋವು ರಕ್ತನಾಳ ಕಟ್ಟಿಕೊಳ್ಳುತ್ತಿರುವುದರ ಸೂಚನೆ ಆಗಿರಬಹುದು. ಬೀಡಿ ಸಿಗರೇಟು ಸೇದುವವರು ಇದನ್ನು ಕಡೆಗಣಿಸಬಾರದು. ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಊದಿಕೊಂಡು ನೋಯುತ್ತಿದ್ದರೆ ಅದೇ ದಿನ ವೈದ್ಯರನ್ನು ಕಾಣಬೇಕು. ಪೆಟ್ಟು ಬಿದ್ದ ಮೇಲೆ ಕಾಲೂರಲು ಆಗದಿದ್ದರೂ ಅಷ್ಟೇ.

ನೋಯದ ಪಾದ

ಇಷ್ಟು ಹೊತ್ತು ಹೇಳಿದ್ದು ನೋಯುವ ಪಾದದ ಕಥೆ. ಅದು ತನ್ನ ಕಷ್ಟವನ್ನು ತಾನೇ ಹೇಳಿಕೊಳ್ಳುತ್ತದೆ. ಇನ್ನು ಏನೂ ಹೇಳದ ಪಾದದ ಕಡೆ ಬರೋಣ.

ಬೆಲ್ಜಿಯಂ ದೇಶದ ಫಾದರ್ ಡೇಮಿಯನ್ 1873ರಲ್ಲಿ ಹವಾಯಿ ದ್ವೀಪಸಮೂಹದ ಮೊಲೊಕಾಯಿಗೆ ಬಂದರು. ಕುಷ್ಠರೋಗಿಗಳನ್ನು ಮನೆಯವರಿಂದ ಬೇರ್ಪಡಿಸಿ ಅಲ್ಲಿಗೆ ತಂದು ಬಿಡುತ್ತಿದ್ದರು. ಡೇಮಿಯನ್‌ರು ಅವರ ಗಾಯಗಳನ್ನು ತೊಳೆದರು, ಮನೆಗಳನ್ನು ಕಟ್ಟಿಕೊಟ್ಟರು, ಸತ್ತವರಿಗೆ ಗುಂಡಿ ತೋಡಿದರು. 1884ರ ಡಿಸೆಂಬರಿನ ಒಂದು ದಿನ ನಡೆದು ದಣಿದು ಬಂದವರು ಪಾದವನ್ನು ಬಿಸಿನೀರಿನಲ್ಲಿ ಇಟ್ಟರು. ನೀರು ಕುದಿಯುವಷ್ಟು ಬಿಸಿಯಾಗಿತ್ತು. ಚರ್ಮ ಬೆಂದು ಬೊಬ್ಬೆ ಎದ್ದಿತು, ಆದರೆ ಅವರಿಗೆ ಏನೂ ಅನ್ನಿಸಲಿಲ್ಲ. ಕುಷ್ಠರೋಗವು ತಮಗೂ ತಗುಲಿದೆ ಎಂದು ಅವರು ತಿಳಿದದ್ದು ಹೀಗೆ. 1889ರ ಏಪ್ರಿಲ್ 15ರಂದು, 49ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. 2009ರ ಅಕ್ಟೋಬರ್ 11ರಂದು ಜಗದ್ಗುರು 16ನೇ ಬೆನೆಡಿಕ್ಟರು ಅವರನ್ನು ಸಂತರೆಂದು ಘೋಷಿಸಿದರು. ಡೇಮಿಯನ್‌ರು ಮಡಿದ ಮರುವರ್ಷವೇ, 1890ರಲ್ಲಿ, ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯ ಫಾದರ್ ಮುಲ್ಲರ್ ಅವರು ಕುಷ್ಠರೋಗಿಗಳಿಗಾಗಿ ಆಶ್ರಯ ತೆರೆದರು ಎಂಬುದು ನಮ್ಮ ನಾಡಿನ ಧರ್ಮಸಭೆ ನೆನೆಯಬೇಕಾದ ಸಂಗತಿ.

ಕುಷ್ಠರೋಗದಲ್ಲಿ ಬೆರಳುಗಳು ತಾವಾಗಿಯೇ ಕೊಳೆತು ಉದುರುತ್ತವೆ ಎಂದು ಜನ ಬಹುಕಾಲ ನಂಬಿದ್ದರು. ಅದು ಹಾಗಲ್ಲವೆಂದು ತೋರಿಸಿದವರಲ್ಲಿ ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಗೆ 1946ರಲ್ಲಿ ಬಂದ ಶಸ್ತ್ರವೈದ್ಯ ಡಾ. ಪಾಲ್ ಬ್ರ್ಯಾಂಡ್ ಮುಖ್ಯರು. ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಷನರಿ ದಂಪತಿಗಳಿಗೆ ಹುಟ್ಟಿದವರು ಅವರು. ರೋಗವು ನರಗಳನ್ನು ಕೆಡಿಸಿ ನೋವಿನ ಅರಿವನ್ನು ಕಿತ್ತುಕೊಳ್ಳುತ್ತದೆ. ಅರಿವಿಲ್ಲದ ಕಾಲಿಗೆ ಮೊಳೆ ಚುಚ್ಚುತ್ತದೆ, ಬಿಸಿ ತಾಗುತ್ತದೆ, ಚಪ್ಪಲಿ ಉಜ್ಜುತ್ತದೆ. ರೋಗಿ ಅದೇ ಗಾಯದ ಮೇಲೆ ನಡೆಯುತ್ತಲೇ ಇರುತ್ತಾನೆ. ಕೈಕಾಲು ಹಾಳಾಗುವುದು ಹೀಗೆ. ಆದ್ದರಿಂದ ಪ್ರತಿದಿನ ಕೈಕಾಲುಗಳನ್ನು ಕಣ್ಣಿನಿಂದ ಪರೀಕ್ಷಿಸಿಕೊಳ್ಳಬೇಕೆಂದು ಅವರು ರೋಗಿಗಳಿಗೆ ಕಲಿಸಿದರು. ನೋವು ಮಾಡಬೇಕಾದ ಕೆಲಸವನ್ನು ಕಣ್ಣು ಮಾಡಬೇಕಾಯಿತು.

ಇಂದು ಕುಷ್ಠರೋಗಕ್ಕೆ ಪೂರ್ಣ ಗುಣಪಡಿಸುವ ಔಷಧವಿದೆ. ಆದರೆ ಅದೇ ಬಗೆಯ ಪಾದವು ಈಗ ನಮ್ಮ ಮನೆಮನೆಗಳಲ್ಲಿದೆ. ಸಕ್ಕರೆ ಕಾಯಿಲೆ ಹಲವು ವರ್ಷ ಹತೋಟಿ ತಪ್ಪಿದರೆ ಪಾದದ ನರಗಳು ಮೆಲ್ಲಮೆಲ್ಲನೆ ಸೊರಗುತ್ತವೆ. ಮೊದಮೊದಲು ರಾತ್ರಿ ಅಂಗಾಲು ಉರಿಯುತ್ತದೆ, ಜೋಮು ಹಿಡಿಯುತ್ತದೆ, ಹತ್ತಿಯ ಮೇಲೆ ನಡೆದಂತಾಗುತ್ತದೆ. ಚಪ್ಪಲಿ ಕಾಲಿನಿಂದ ಜಾರಿ ಹೋದದ್ದು ಗೊತ್ತಾಗುವುದಿಲ್ಲ. ಆಮೇಲೆ ಉರಿಯೂ ನಿಂತುಹೋಗುತ್ತದೆ. ಆಗ ಅಜ್ಜ, "ದೇವರ ದಯೆ, ಕಾಲುನೋವು ಹೋಯಿತು" ಎನ್ನುತ್ತಾರೆ. ನೋವು ಹೋಗಿಲ್ಲ, ನೋವನ್ನು ತಿಳಿಸುವ ನರ ಸತ್ತಿದೆ. ರಕ್ತದ ಹರಿವೂ ಕಡಿಮೆಯಾಗಿದ್ದರೆ ಸಣ್ಣ ಗಾಯವೂ ಮಾಯುವುದಿಲ್ಲ. ಕೀವಾಗಿ, ಮೂಳೆಗೆ ಇಳಿದು, ಕಡೆಗೆ ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾಗುತ್ತದೆ. ಇಂಥ ಬಹಳಷ್ಟು ಪಾದಗಳನ್ನು ಉಳಿಸಬಹುದಿತ್ತು, ಹತ್ತು ದಿನ ಮೊದಲು ಯಾರಾದರೂ ನೋಡಿದ್ದರೆ.

ಯಾರು ನೋಡಬೇಕು? ಎಪ್ಪತ್ತು ದಾಟಿದವರಿಗೆ ಬಾಗಿ ತಮ್ಮ ಅಂಗಾಲನ್ನು ನೋಡಿಕೊಳ್ಳಲು ಆಗುವುದಿಲ್ಲ, ಕಣ್ಣೂ ಮಂಜು. ಕೇಳಿದರೆ "ಏನಿಲ್ಲ ಮಗಾ, ಚೆನ್ನಾಗಿದೆ" ಎನ್ನುತ್ತಾರೆ. ಸುಳ್ಳಲ್ಲ, ಅವರಿಗೆ ನಿಜಕ್ಕೂ ಏನೂ ಅನ್ನಿಸುತ್ತಿಲ್ಲ. ಆದ್ದರಿಂದ ಮಗನೋ ಮಗಳೋ ಸೊಸೆಯೋ ಮೊಮ್ಮಕ್ಕಳೋ ದಿನಕ್ಕೊಮ್ಮೆ ಆ ಪಾದವನ್ನು ಕೈಯಲ್ಲಿ ಹಿಡಿದು ನೋಡಬೇಕು. ಪವಿತ್ರ ಗುರುವಾರದ ವಿಧಿಯನ್ನು ಮನೆಗೆ ತರಲು ಇದಕ್ಕಿಂತ ಸಹಜವಾದ ದಾರಿ ನಮಗೆ ಕಾಣುತ್ತಿಲ್ಲ. ಸಂಜೆಯ ಜಪಸರಕ್ಕೆ ಮುನ್ನ ಐದು ನಿಮಿಷ ಸಾಕು.

ತೊಳೆಯುವುದಕ್ಕೂ ಕ್ರಮವಿದೆ. ನೀರು ಬೆಚ್ಚಗಿರಬೇಕು, ಬಿಸಿಯಾಗಿರಬಾರದು. ಬಿಸಿಯನ್ನು ಕಾಲಿನಿಂದ ಪರೀಕ್ಷಿಸಬಾರದು, ಮೊಣಕೈ ಅದ್ದಿ ನೋಡಬೇಕು. ಸಂತ ಡೇಮಿಯನ್‌ರನ್ನು ನೆನೆಸಿಕೊಳ್ಳಿ. ಬಹಳ ಹೊತ್ತು ನೆನೆಹಾಕಬೇಡಿ. ಮೆದುವಾದ ಸೋಪಿನಿಂದ ತೊಳೆದ ಮೇಲೆ ಬೆರಳುಗಳ ಸಂದಿಯನ್ನು ಒಂದೊಂದಾಗಿ ಒಣಗಿಸಿ, ಅಲ್ಲಿ ತೇವ ಉಳಿದರೆ ಬೂಷ್ಟು ಹತ್ತಿ ಚರ್ಮ ಬಿರಿಯುತ್ತದೆ. ಹಿಮ್ಮಡಿಗೂ ಅಂಗಾಲಿಗೂ ಕೊಬ್ಬರಿ ಎಣ್ಣೆ ಸವರಬಹುದು, ಸಂದಿಗಳಿಗೆ ಬೇಡ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆಗಳನ್ನು ಕೊರೆಯಬೇಡಿ. ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಆಣಿಗೆಂದು ಮಾರುವ ಆಮ್ಲದ ಪಟ್ಟಿ ಅಂಟಿಸುವುದು ಮಧುಮೇಹಿಗಳಿಗೆ ನಿಷಿದ್ಧ. ಬಿಸಿನೀರಿನ ಚೀಲ, ಬೆಂಕಿಯ ಕಾವು ಬೇಡ. ಚಪ್ಪಲಿ, ಬೂಟುಗಳನ್ನು ಕೊಡವಿ, ಒಳಗೆ ಕೈ ಹಾಕಿ ನೋಡಿ ಹಾಕಿಕೊಳ್ಳಲಿ. ಮನೆಯಲ್ಲಿ ಇಲಿ ಇದ್ದರೆ ಇನ್ನೂ ಎಚ್ಚರ, ಸ್ಪರ್ಶವಿಲ್ಲದ ಬೆರಳನ್ನು ಇಲಿ ಕಚ್ಚಿದರೂ ಮಲಗಿದವರಿಗೆ ಎಚ್ಚರವಾಗದು.

ಪಾದರಕ್ಷೆ ಕೊಳ್ಳುವುದಾದರೆ ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ, ಅಳತೆ ಸರಿಯಾಗುತ್ತದೆ. ಕುಷ್ಠರೋಗಿಗಳಿಗಾಗಿ ನಮ್ಮ ದೇಶದಲ್ಲಿ ಬಳಕೆಗೆ ಬಂದ ಎಂ.ಸಿ.ಆರ್. ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ ಈಗ ಮಧುಮೇಹಿಗಳಿಗೂ ಸಿಗುತ್ತದೆ. ಹಿಂದೆ ಪಟ್ಟಿ ಇರುವುದನ್ನೇ ಆರಿಸಿ.

ಬರಿಗಾಲಿನ ಭಕ್ತಿ

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಶುಭ ಶುಕ್ರವಾರದ ನಡುಮಧ್ಯಾಹ್ನ ಕಾದ ಡಾಂಬರಿನ ಮೇಲೆ, ಬಂಡೆಯ ಮೇಲೆ ಬರಿಗಾಲಲ್ಲಿ ಶಿಲುಬೆಹಾದಿ ಮಾಡುವವರು ನಮ್ಮಲ್ಲಿ ಬಹಳ ಮಂದಿ. ಕಾವಿ ಉಟ್ಟು ವೇಳಾಂಗಣಿಗೆ ನೂರಾರು ಕಿಲೋಮೀಟರ್ ನಡೆದು ಹೋಗುವವರೂ ಇದ್ದಾರೆ. ಆ ಭಕ್ತಿಗೆ ನಾವು ತಲೆಬಾಗುತ್ತೇವೆ. ಆದರೆ ಸ್ಪರ್ಶ ಕುಂದಿದ ಪಾದದವರು ಹೀಗೆ ನಡೆದರೆ, ಬೊಬ್ಬೆ ಎದ್ದದ್ದು ಅವರಿಗೆ ತಿಳಿಯುವುದು ಸಂಜೆ ಕಾಲಿನಲ್ಲಿ ರಕ್ತ ಕಂಡಾಗ. ಬರಿಗಾಲಲ್ಲಿ ನಡೆಯಬೇಕೆಂದು ಧರ್ಮಸಭೆ ಯಾರಿಗೂ ವಿಧಿಸಿಲ್ಲ. ಅನಾರೋಗ್ಯವಿದ್ದವರು ಬಲಿಪೂಜೆಯಲ್ಲಿ ಮೊಣಕಾಲೂರಬೇಕಾಗಿಲ್ಲ ಎಂದು ಪೂಜಾವಿಧಿಯೇ ಹೇಳುತ್ತದೆ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸದಿಂದಲೂ ವೃದ್ಧರಿಗೆ, ರೋಗಿಗಳಿಗೆ, ಅವರನ್ನು ನೋಡಿಕೊಳ್ಳುವವರಿಗೆ ವಿನಾಯಿತಿ ಇದೆ.

"ಹರಕೆ ಹೊತ್ತಿದ್ದೇನಲ್ಲ ಫಾದರ್, ಮುರಿದರೆ ಪಾಪವಲ್ಲವೇ?" ಎಂದು ಕೇಳುವವರು ಇದನ್ನು ತಿಳಿಯಬೇಕು. ಧರ್ಮಸಭೆಯ ಕಾನೂನು ಸಂಹಿತೆಯ 1196ನೇ ವಿಧಿಯ ಪ್ರಕಾರ ನ್ಯಾಯವಾದ ಕಾರಣವಿದ್ದರೆ ಧರ್ಮಕೇಂದ್ರದ ಗುರುಗಳೇ ಖಾಸಗಿ ಹರಕೆಯಿಂದ ಬಿಡುಗಡೆ ನೀಡಬಹುದು. 1197ನೇ ವಿಧಿಯ ಪ್ರಕಾರ ಹರಕೆ ಹೊತ್ತವರೇ ಅದನ್ನು ಅಷ್ಟೇ ಒಳ್ಳೆಯ ಅಥವಾ ಇನ್ನೂ ಒಳ್ಳೆಯ ಕಾರ್ಯಕ್ಕೆ ಬದಲಿಸಿಕೊಳ್ಳಬಹುದು. ವೇಳಾಂಗಣಿಗೆ ಬಸ್ಸಿನಲ್ಲಿ ಹೋಗಿ, ನಡೆಯಲಾಗದ ಪಕ್ಕದ ಮನೆಯ ರೋಗಿಯ ಗಾಯಕ್ಕೆ ಒಂದು ತಿಂಗಳು ಔಷಧ ಹಚ್ಚುವೆನೆಂದು ಬದಲಿಸಿಕೊಂಡರೆ ಮಾತೆ ಮರಿಯಮ್ಮನವರು ಬೇಡವೆನ್ನುವರೇ?

ಕೆಲವೆಡೆ ಪ್ರಾರ್ಥನಾಕೂಟಗಳಲ್ಲಿ, ನಂಬಿಕೆ ಇದ್ದರೆ ಮಾತ್ರೆ ಬಿಡಿ ಎಂದು ಬೋಧಿಸುವುದುಂಟು. ಕಾಲುಬೇನೆಯಿಂದ ನರಳಿದ ಯೂದದ ಅರಸ ಆಸನ ಕಥೆಯನ್ನು ಅವರು ಎತ್ತಿ ಹೇಳುತ್ತಾರೆ. ಪೂರ್ವಕಾಲ ವೃತ್ತಾಂತದ ಎರಡನೇ ಗ್ರಂಥ, 16ನೇ ಅಧ್ಯಾಯದಲ್ಲಿ ಅದು ಇದೆ ನಿಜ. ಆಸನ ತಪ್ಪು ವೈದ್ಯರ ಬಳಿಗೆ ಹೋದದ್ದಲ್ಲ, ದೇವರನ್ನು ಬಿಟ್ಟು ಹೋದದ್ದು. ಸಿರಾಖನ ಗ್ರಂಥದ 38ನೇ ಅಧ್ಯಾಯವನ್ನೂ ಪಕ್ಕದಲ್ಲಿಟ್ಟು ಓದಬೇಕು. ವೈದ್ಯನನ್ನು ನೇಮಿಸಿದವರೂ ಮದ್ದನ್ನು ಮಣ್ಣಿನಿಂದ ಬೆಳೆಸಿದವರೂ ದೇವರೇ ಎಂದು ಅಲ್ಲಿ ಸ್ಪಷ್ಟವಾಗಿದೆ. ಇನ್ಸುಲಿನ್ ನಿಲ್ಲಿಸಿ ಪ್ರಾರ್ಥಿಸಬೇಡಿ. ಇನ್ಸುಲಿನ್ ತೆಗೆದುಕೊಂಡು ಪ್ರಾರ್ಥಿಸಿ.

ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆಯಾದರೂ ವೈದ್ಯರ ಮುಂದೆ ಚಪ್ಪಲಿ ಬಿಚ್ಚಿ ಕಾಲು ತೋರಿಸಬೇಕು. ಹಲವರು ಶುಗರಿನ ಚೀಟಿ ತೋರಿಸಿ, ಮಾತ್ರೆ ಬರೆಸಿಕೊಂಡು ಎದ್ದುಬಿಡುತ್ತಾರೆ. "ಡಾಕ್ಟ್ರೇ, ನನ್ನ ಪಾದವನ್ನೊಮ್ಮೆ ನೋಡಿ" ಎಂದು ಬಾಯಿಬಿಟ್ಟು ಕೇಳಿ. ತೆಳುವಾದ ನೈಲಾನ್ ಎಳೆಯೊಂದನ್ನು ಅಂಗಾಲಿನ ಬೇರೆ ಬೇರೆ ಜಾಗಕ್ಕೆ ಒತ್ತಿ, ತಿಳಿಯುತ್ತದೆಯೇ ಎಂದು ಅವರು ಕೇಳುತ್ತಾರೆ. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಎಳೆ ಅದು. ನೋವಿಲ್ಲ, ಐದು ನಿಮಿಷದ ಕೆಲಸ. ಪಾದದಲ್ಲಿ ಹುಣ್ಣು, ಕೀವು, ಕಪ್ಪುಬಣ್ಣ, ಕಾರಣವಿಲ್ಲದ ಊತ ಅಥವಾ ಬಿಸಿ ಕಂಡರೆ ಮಾತ್ರ ವರ್ಷದ ಲೆಕ್ಕ ಬೇಡ, ಭಾನುವಾರ ಕಳೆಯಲಿ ಎಂದು ಕಾಯುವುದೂ ಬೇಡ, ಅಂದೇ ಹೊರಡಿ. ಹೋಗುವಾಗ ದಿನವೂ ಹಾಕುವ ಹಳೆಯ ಚಪ್ಪಲಿಯನ್ನೇ ಹಾಕಿಕೊಂಡು ಹೋಗಿ, ದೇವಾಲಯಕ್ಕೆಂದು ಎತ್ತಿಟ್ಟ ಹೊಸದನ್ನಲ್ಲ. ಅದು ಎಲ್ಲಿ ಸವೆದಿದೆ ಎಂಬುದನ್ನು ನೋಡಿಯೇ ವೈದ್ಯರು ಪಾದದ ಯಾವ ಭಾಗಕ್ಕೆ ಭಾರ ಬೀಳುತ್ತಿದೆ ಎಂದು ಅಂದಾಜು ಮಾಡಬಲ್ಲರು.